ಬಿಚ್ಚಿ ಹೆಣೆಯುವ ಧೈರ್ಯ

ಬಟ್ಟೆ ಹೊಲಿಯುವವರ ಪಕ್ಕದಲ್ಲಿ ಕತ್ತರಿ ಇರುತ್ತದೆ. ಲೇಸು ಹೆಣೆಯುವವರಿಗೆ ತುದಿ ಬಾಗಿದ ಒಂದು ಕಡ್ಡಿ, ಒಂದು ಉಂಡೆ ದಾರ ಸಾಕು. ಆ ಕಡ್ಡಿಯನ್ನು ನಾವು ಕ್ರೋಶಾ ಕಡ್ಡಿ ಎನ್ನುತ್ತೇವೆ. ಫ್ರೆಂಚ್ ಭಾಷೆಯಲ್ಲಿ ಆ ಪದಕ್ಕೆ ಪುಟ್ಟ ಕೊಕ್ಕೆ ಎಂದೇ ಅರ್ಥ. ಪಿರಿಯಾಪಟ್ಟಣ ತಾಲ್ಲೂಕಿನ ನಮ್ಮ ಹಾರನಹಳ್ಳಿ ಕಡೆಯೂ ಮನೆಗೆಲಸ ಮುಗಿಸಿ ಜಗಲಿಗೆ ಬಂದು ಕುಳಿತ ಹೆಂಗಸರ ಕೈಯಲ್ಲಿ ಈ ಕಡ್ಡಿ ಕಾಣಿಸುವುದುಂಟು. ನಮಾಝಿನ ಟೋಪಿ, ದುಪಟ್ಟಾದ ಅಂಚು, ಮಗುವಿನ ಫ್ರಾಕು, ಬಿಡುವು ಸಿಕ್ಕರೆ ತನಗೆಂದೇ ಒಂದು ಜಾಲರಿಯ ಮೇಲಂಗಿ.

ಈ ಕಸುಬಿಗೆ ಒಂದು ವಿಶೇಷ ಗುಣವಿದೆ. ಹೆಣಿಗೆ ಎಷ್ಟೇ ಅಗಲವಾಗಿದ್ದರೂ ಬಿಚ್ಚಿಕೊಳ್ಳಬಲ್ಲ ಕುಣಿಕೆ ಸಾಮಾನ್ಯವಾಗಿ ಒಂದೇ, ಕಡ್ಡಿಯ ತುದಿಯಲ್ಲಿರುವುದು. ಕಡ್ಡಿ ತೆಗೆದು ದಾರ ಎಳೆದರೆ ಹೆಣೆದದ್ದೆಲ್ಲ ಒಂದೊಂದೇ ಕುಣಿಕೆಯಾಗಿ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ತಪ್ಪಿದ ಜಾಗ ಬಂದಾಗ ನಿಲ್ಲಿಸಿ, ಅಲ್ಲಿಂದ ಮತ್ತೆ ಹೆಣೆಯಬಹುದು. ಕತ್ತರಿಸಿದ ಬಟ್ಟೆಗೆ ಈ ಭಾಗ್ಯವಿಲ್ಲ.

ಆದರೆ ತಪ್ಪು ಆದ ಕೂಡಲೇ ಕಾಣಿಸುವುದಿಲ್ಲ. ಸಾಲಿನ ಕೊನೆಯ ಕುಣಿಕೆಯೊಂದನ್ನು ಬಿಟ್ಟರೆ ಆ ಸಾಲು ಚೆನ್ನಾಗಿಯೇ ಕಾಣುತ್ತದೆ. ಪ್ರತಿ ಸಾಲಿನಲ್ಲೂ ಅದೇ ಆದಾಗ, ಹತ್ತು ಸಾಲು ದಾಟಿದ ಮೇಲೆ, ಚೌಕವಾಗಬೇಕಿದ್ದ ತುಂಡು ತ್ರಿಕೋನದತ್ತ ವಾಲುತ್ತದೆ. ಆಗ ಹೆಣೆಯುವವಳ ಮುಂದೆ ಒಂದು ಪ್ರಶ್ನೆ ಏಳುತ್ತದೆ. ಹತ್ತು ಸಾಲಿನ ಶ್ರಮವನ್ನು ಬಿಚ್ಚುವುದೋ, ಇಸ್ತ್ರಿ ಹಾಕಿ ಎಳೆದು ಮರೆಮಾಚುವುದೋ? ಇದು ನೈತಿಕ ಪ್ರಶ್ನೆ. ನಮ್ಮ ಬದುಕಿನ ಬಹುಪಾಲು ತಪ್ಪುಗಳೂ ಹೀಗೆ ಹತ್ತು ಸಾಲು ದಾಟಿದ ಮೇಲೆಯೇ ಕಣ್ಣಿಗೆ ಬೀಳುತ್ತವೆ.

ಬಿಚ್ಚುವುದೆಂದರೆ ನಮಗೆ ಪವಿತ್ರ ಕುರ್‌ಆನಿನ ಒಂದು ಉಪಮೆ ನೆನಪಾಗಬೇಕು. ಅನ್ನಹ್ಲ್ ಅಧ್ಯಾಯದ 92ನೇ ವಚನವು, ಗಟ್ಟಿಯಾಗಿ ನೂತ ನೂಲನ್ನು ತಾನೇ ಎಳೆಎಳೆಯಾಗಿ ಬಿಡಿಸಿ ಹಾಕಿದ ಹೆಂಗಸಿನಂತಾಗಬಾರದೆಂದು ಎಚ್ಚರಿಸುತ್ತದೆ. ಹಾಗಾದರೆ ಬಿಚ್ಚುವುದೇ ದೋಷವೇ? ವಚನದ ಸಂದರ್ಭ ನೋಡಿದರೆ ಉತ್ತರ ಸಿಗುತ್ತದೆ. ಅಲ್ಲಿನ ಮಾತು ಆಣೆ ಮತ್ತು ಕರಾರುಗಳನ್ನು ಮುರಿಯುವವರ ಕುರಿತಾದದ್ದು. ಆ ಹೆಂಗಸು ಬಿಚ್ಚಿದ್ದು ಗಟ್ಟಿಯಾದ ನೂಲನ್ನು. ಲೇಸು ಹೆಣೆಯುವವಳು ಬಿಚ್ಚುವುದು ತಪ್ಪಿದ ಸಾಲನ್ನು, ಅದೂ ತಪ್ಪಿದ ಜಾಗದವರೆಗೆ ಮಾತ್ರ. ತೌಬಾ ಎಂಬ ಅರಬಿ ಪದಕ್ಕೆ ಮರಳುವುದು ಎಂಬ ಅರ್ಥವಿದೆ. ಪಶ್ಚಾತ್ತಾಪದ ಕಣ್ಣೀರೊಂದೇ ತೌಬಾ ಆಗದು. ತಪ್ಪನ್ನು ನಿಲ್ಲಿಸಬೇಕು, ಮತ್ತೆ ಮಾಡೆನೆಂದು ನಿಶ್ಚಯಿಸಬೇಕು, ಇನ್ನೊಬ್ಬರ ಹಕ್ಕು ಕಸಿದಿದ್ದರೆ ಹಿಂದಿರುಗಿಸಬೇಕು ಎಂದು ನಮ್ಮ ವಿದ್ವಾಂಸರು ಹೇಳುತ್ತಾರೆ. ಮಾಡಿದ್ದನ್ನೆಲ್ಲ ಕಿತ್ತೆಸೆಯಿರಿ ಎಂದು ಅವರು ಹೇಳುವುದಿಲ್ಲ.

ಇನ್ನು, ಯಾವುದು ತಪ್ಪು ಎಂಬುದೂ ಅಷ್ಟು ಸರಳವಲ್ಲ. ಗಿಡ್ಡ ಹೆಣಿಗೆಯಲ್ಲಿ ಚಪ್ಪಟೆ ವೃತ್ತ ಬೇಕಾದರೆ ಆರು ಕುಣಿಕೆಯಿಂದ ಆರಂಭಿಸಿ, ಪ್ರತಿ ಸುತ್ತಿಗೂ ಆರಾರು ಹೆಚ್ಚಿಸಬೇಕು: 6, 12, 18, 24. ಹೆಚ್ಚಿಸಲು ಮರೆತರೆ ಅಂಚು ಮಡಚಿ ಬಟ್ಟಲಾಗುತ್ತದೆ. ಮೇಜಿನ ಮೇಲಿನ ಹಾಸಿಗೆ ಅದು ದೋಷ, ಟೋಪಿಗೆ ಅದೇ ಆಕಾರ. ನೆತ್ತಿಯ ಅಳತೆಗೆ ವೃತ್ತ ಬಂದ ಮೇಲೆ ಹೆಚ್ಚಿಸುವುದನ್ನು ನಿಲ್ಲಿಸಿದರೆ ತಾನೇ ಟೋಪಿ ಕೆಳಗಿಳಿಯುವುದು? ಬೇಕಾದ್ದಕ್ಕಿಂತ ಹೆಚ್ಚಿಸುತ್ತಾ ಹೋದರೆ ಅಂಚು ನೆರಿಗೆ ನೆರಿಗೆಯಾಗುತ್ತದೆ. 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ಟೈಮಿನಾ ಈ ನೆರಿಗೆಯನ್ನೇ ಬೇಕೆಂದು ಹೆಣೆದರು. ಕಾಗದದಲ್ಲಿ ಮಾಡಿದರೆ ಬೇಗ ಹರಿದುಹೋಗುತ್ತಿದ್ದ ಹೈಪರ್ಬಾಲಿಕ್ ಜ್ಯಾಮಿತಿಯ ಮಾದರಿಯನ್ನು ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದು ನೋಡುವಂತಾಯಿತು.

ಇದನ್ನು ಕೇಳಿ, ಎಲ್ಲ ತಪ್ಪೂ ಒಂದು ಬಗೆಯ ಕಲೆಯೇ ಎಂದು ನುಣುಚಿಕೊಳ್ಳುವಂತಿಲ್ಲ. ಟೈಮಿನಾ ಪ್ರತಿ ಕುಣಿಕೆಯನ್ನೂ ಲೆಕ್ಕವಿಟ್ಟು ಹೆಣೆದಿದ್ದರು. ಏನು ಮಾಡಲು ಹೊರಟಿದ್ದೇವೆಂಬ ನಿಯ್ಯತ್ತು ಸ್ಪಷ್ಟವಿದ್ದವರಿಗೆ ಮಾತ್ರ ಎಲ್ಲಿ ತಪ್ಪಿದೆವೆಂದು ತಿಳಿಯುತ್ತದೆ.

ಎಲ್ಲ ಕೆಲಸವೂ ಬಿಚ್ಚಲು ಬಿಡುವುದಿಲ್ಲ. ನಮ್ಮ ಸೀಮೆಯ ಹೊಗೆಸೊಪ್ಪನ್ನೇ ನೋಡಿ. ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿನಲ್ಲಿ ತೂಗುಹಾಕಿ, ದಿನಗಟ್ಟಲೆ ಹದವಾಗಿ ಬಿಸಿ ಕೊಡಬೇಕು. ಎಲೆ ಹಳದಿಗೆ ತಿರುಗುವ ಮುನ್ನ ಉರಿ ಹೆಚ್ಚಾದರೆ ಹಸಿರು ಬಣ್ಣ ಹಾಗೆಯೇ ಉಳಿದುಬಿಡುತ್ತದೆ. ಅದನ್ನು ಹಿಂದಕ್ಕೆ ತಿರುಗಿಸುವ ದಾರ ಯಾರ ಕೈಯಲ್ಲೂ ಇಲ್ಲ. ಹರಾಜಿನ ಕಟ್ಟೆಯಲ್ಲಿ ರೈತ ಅದರ ಬೆಲೆ ತೆರುತ್ತಾನೆ. ಬಾಯಿಂದ ಜಾರಿದ ಕಟುಮಾತು ಕೂಡ ಇಂಥದ್ದೇ. ಆದ್ದರಿಂದಲೇ ತಪ್ಪಿನ ಬೆಲೆ ಕಡಿಮೆಯಿರುವ ಕಡೆ, ದಾರ ಕಡ್ಡಿಗಳ ಜೊತೆ, ತಪ್ಪನ್ನು ನೋಡುವ, ಒಪ್ಪುವ, ತಿದ್ದುವ ಅಭ್ಯಾಸ ಆಗಬೇಕು.

ಆ ಬೆಲೆ ಎಲ್ಲರಿಗೂ ಒಂದೇ ಅಲ್ಲ ಎಂಬುದನ್ನೂ ಮರೆಯಬಾರದು. ತನಗಾಗಿ ಮೇಲಂಗಿ ಹೆಣೆಯುವವಳು ಒಂದು ಸಂಜೆಯನ್ನು ಕಳೆದುಕೊಳ್ಳುತ್ತಾಳೆ, ಅಷ್ಟೆ. ಆಂಧ್ರದ ನರಸಾಪುರದಲ್ಲಿ 19ನೇ ಶತಮಾನದಿಂದಲೂ ಹೆಂಗಸರು ಮಾರಾಟಕ್ಕಾಗಿ ಲೇಸು ಹೆಣೆಯುತ್ತಾ ಬಂದಿದ್ದಾರೆ. 2024ರಲ್ಲಿ ಆ ಲೇಸಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಹೊರದೇಶಗಳಿಗೆ ಹೋಗುವ ಲೇಸು ಹೆಣೆದರೂ ಆ ಹೆಂಗಸರನ್ನು ದುಡಿಯುವವರೆಂದು ಎಣಿಸದೆ ಬರೀ ಗೃಹಿಣಿಯರೆಂದು ಕರೆಯಲಾಗುತ್ತಿತ್ತೆಂದು ಮಾರಿಯಾ ಮೀಸ್ 1982ರ ತಮ್ಮ ಅಧ್ಯಯನದಲ್ಲಿ ತೋರಿಸಿದರು. ತುಂಡಿನ ಲೆಕ್ಕದ ಕೂಲಿಯಲ್ಲಿ ಬಿಚ್ಚಿ ಮತ್ತೆ ಹೆಣೆದ ಗಂಟೆಗಳಿಗೆ ಕಾಸಿಲ್ಲ. ತಪ್ಪಿನಿಂದ ಕಲಿಯಿರಿ ಎಂದು ಉಪದೇಶಿಸುವವರು, ಕಲಿಯುವ ಹೊತ್ತಿನ ಅನ್ನ ಯಾರದ್ದು ಎಂದೂ ಕೇಳಿಕೊಳ್ಳಬೇಕು.

ನಮ್ಮ ಮನೆಗಳಲ್ಲಂತೂ ಹೆಣ್ಣುಮಕ್ಕಳ ತಪ್ಪಿನ ಬೆಲೆ ಬಹಳ ದುಬಾರಿ. ಎಸ್ಸೆಸ್ಸೆಲ್ಸಿಯಲ್ಲಿ ಒಂದು ವಿಷಯ ಹೋದರೆ ಹುಡುಗನಿಗೆ ಮತ್ತೆ ಕಟ್ಟು ಎನ್ನುತ್ತಾರೆ, ಹುಡುಗಿಗೆ ಗಂಡು ಹುಡುಕುತ್ತಾರೆ. 2024ರಲ್ಲಿ ಕರ್ನಾಟಕ ಸರ್ಕಾರ ಒಂದೇ ವರ್ಷದಲ್ಲಿ ಮೂರು ಬಾರಿ ಆ ಪರೀಕ್ಷೆ ಬರೆಯುವ ಅವಕಾಶ ತಂದಿತು. ಸರ್ಕಾರವೇ ಬಿಚ್ಚಿ ಹೆಣೆಯಲು ಅನುವು ಮಾಡಿಕೊಟ್ಟರೂ ಅಪ್ಪ ಅಮ್ಮ ದಾರವನ್ನೇ ಕತ್ತರಿಸಿದರೆ ಆ ಮಗು ಏನು ಮಾಡೀತು? ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆ ಮಾಡಿದ ಸಾರಿನಲ್ಲಿ ಉಪ್ಪು ಹೆಚ್ಚಾಗಿದ್ದನ್ನು ಅವಳ ಮಕ್ಕಳ ಮದುವೆಯವರೆಗೂ ಆಡಿಕೊಳ್ಳುವ ಮನೆಗಳಿವೆ. ದೇವನು ತೌಬಾದ ಬಾಗಿಲನ್ನು ತೆರೆದಿಟ್ಟಿರುವಾಗ ನಾವು ಬಾಗಿಲು ಹಾಕಿ ಕೂರುವುದು ಯಾವ ನ್ಯಾಯ?

ಬಿಚ್ಚಿದ ದಾರ ಸ್ವಲ್ಪ ಸುಕ್ಕಾಗಿರುತ್ತದೆ. ಹಳೆಯ ಕುಣಿಕೆಗಳ ಗುರುತು ಅದರ ಮೇಲೆ ಉಳಿದಿರುತ್ತದೆ. ಮತ್ತೆ ಹೆಣೆದು, ಒಗೆದು, ಹರವಿ ಒಣಗಿಸಿದ ಮೇಲೆ ಆ ಸುಕ್ಕು ಹೆಚ್ಚುಕಡಿಮೆ ಮಾಯವಾಗುತ್ತದೆ. ಆಮೇಲೆ ಆ ಅಂಗಿ ತೊಟ್ಟು ಮದುವೆಗೋ ಹಬ್ಬಕ್ಕೋ ಹೋದರೆ, ಯಾವ ಸಾಲನ್ನು ಎರಡು ಸಲ ಹೆಣೆದದ್ದೆಂದು ಯಾರೂ ಕೇಳುವುದಿಲ್ಲ. ದಾರಕ್ಕೆ ತೋರಿಸುವ ಇಷ್ಟು ತಾಳ್ಮೆಯನ್ನು ಮನೆಯ ಮಕ್ಕಳಿಗೂ ತೋರಿಸಿದರೆ ಸಾಕು.