ಗುರು ಹೇಳಿದ್ದು, ಕೈ ಕೇಳಿದ್ದು

ನಿಂತ ಚೆಂಡನ್ನು ಹೊಡೆಯುವುದೇನು ಮಹಾ ಎಂದುಕೊಂಡು ಗಾಲ್ಫ್‌ಗೆ ಇಳಿದವನು ತಿಂಗಳೊಳಗೆ ಕೋಚ್ ಹತ್ತಿರ ಓಡುತ್ತಾನೆ. ತಲೆ ಅಲುಗಿಸಬೇಡಿ, ಎಡ ಮೊಣಕೈ ಮಡಿಸಬೇಡಿ, ಹಿಡಿತ ಬಿಗಿ ಮಾಡಬೇಡಿ. ಇಷ್ಟನ್ನೂ ನೆನಪಿಟ್ಟು ಬೀಸಿದರೆ ಚೆಂಡಿನ ಬದಲು ಹುಲ್ಲಿನ ಹೆಂಟೆ ಹಾರುತ್ತದೆ.

ಹಾಗಾದರೆ ಕೈಯ ವಿದ್ಯೆಯನ್ನು ಬಾಯಿಂದ ಕಲಿಸಬಹುದೆ?

ಸಂಗತಿ ತಿಳಿದಿರುವುದೇ ಬೇರೆ, ಮಾಡಲು ಬರುವುದೇ ಬೇರೆ ಎಂದು 1949ರಲ್ಲಿ ಬ್ರಿಟಿಷ್ ದಾರ್ಶನಿಕ ಗಿಲ್ಬರ್ಟ್ ರೈಲ್ ವಾದಿಸಿದರು. ಅಮೆರಿಕದ ಟಿಮೊಥಿ ಗಾಲ್ವೇ ಇಂಥದೇ ಪ್ರಶ್ನೆಯನ್ನು ಟೆನಿಸ್‌ಗೆ, ಆಮೇಲೆ ಗಾಲ್ಫ್‌ಗೆ ತಂದರು. ಆಟಗಾರನೊಳಗೆ ಇಬ್ಬರಿದ್ದಾರೆ: ಅಪ್ಪಣೆ ಕೊಡುವವನೊಬ್ಬ, ಆಡುವವನೊಬ್ಬ. ಮೊದಲನೆಯವನ ಬಾಯಿ ಕಟ್ಟಲು ಗಾಲ್ವೇ ಹೂಡಿದ ಉಪಾಯ ಸರಳ. ಗಾಲ್ಫ್ ಕೋಲು ಪೂರ್ತಿ ಹಿಂದೆ ಹೋದಾಗ ‘ಬ್ಯಾಕ್’, ಚೆಂಡಿಗೆ ತಗುಲಿದಾಗ ‘ಹಿಟ್’ ಅನ್ನುತ್ತಿರಬೇಕು. ಜಪವೇ ಸರಿ! ಫಲದ ಚಿಂತೆ ಬಿಡೆನ್ನುವ ಗೀತೆ ಬಲ್ಲವರಿಗೆ ಇದು ಹೊಸದಲ್ಲ. ಆದರೆ ಗೀತೆಯೂ ಪಾಠವೇ ತಾನೆ, 700 ಶ್ಲೋಕದ್ದು.

ಟೆಕ್ಸಾಸ್‌ನ ಆಸ್ಟಿನ್‌ನಲ್ಲಿದ್ದ ಗಾಲ್ಫ್ ಗುರು ಹಾರ್ವಿ ಪೆನಿಕ್ ಅವರ ದಾರಿ ಬೇರೆ. ಅವರ ಬಳಿ ಶಿಷ್ಯ ಟಾಮ್ ಕೈಟ್ ಕಲಿಯುವಾಗ ಇನ್ನೊಬ್ಬ ಶಿಷ್ಯ ಬೆನ್ ಕ್ರೆನ್‌ಶಾ ನೋಡುವಂತಿರಲಿಲ್ಲ. ಒಬ್ಬನ ಮದ್ದು ಇನ್ನೊಬ್ಬನಿಗೆ ಕೆಡುಕಾದೀತೆಂಬ ಎಚ್ಚರ. ಹಾಸಿಗೆ ಹಿಡಿದಾಗಲೂ ಕ್ರೆನ್‌ಶಾಗೆ ಪಟಿಂಗ್ (ಚೆಂಡನ್ನು ಕುಳಿಗೆ ಉರುಳಿಸುವ ಹೊಡೆತ) ತಿದ್ದಿದ ಪೆನಿಕ್ 1995ರ ಏಪ್ರಿಲ್ 2ರಂದು ತೀರಿಕೊಂಡರು. ಬುಧವಾರ ಗುರುವಿನ ಶವಪೆಟ್ಟಿಗೆ ಹೊತ್ತ ಕ್ರೆನ್‌ಶಾ ಭಾನುವಾರ ಅಗಸ್ಟಾದಲ್ಲಿ ಮಾಸ್ಟರ್ಸ್ ಟೂರ್ನಿ ಗೆದ್ದರು. ಕೊನೆಯ ಚೆಂಡು ಕುಳಿಗೆ ಬಿದ್ದೊಡನೆ ಸೊಂಟ ಬಗ್ಗಿಸಿ, ಮುಖ ಮುಚ್ಚಿಕೊಂಡು ಅತ್ತರು.