ಮೂರು ಮೀನುಗಳ ಲೆಕ್ಕ

ನಮ್ಮನೆ ಟ್ಯಾಂಕಿನಲ್ಲಿ ಈಗ ಮೂರು ಮೀನುಗಳಿವೆ. ಹೋದ ವರ್ಷ ತಂದಾಗ ಆರಿದ್ದವು. ಅಂಗಡಿಯವನು ಹೇಳಿದ ಹೆಸರು 'ಮಿಸ್ ಕೇರಳ'. ಬೆಳ್ಳಿ ಮೈ, ಮೂತಿಯಿಂದ ಹೊರಟ ಕೆಂಪು ಗೆರೆ, ಅದರ ಕೆಳಗೇ ಬಾಲದವರೆಗೆ ಓಡುವ ಕಪ್ಪು ಗೆರೆ. ಎರಡು ಮೀಟಿಂಗ್‌ಗಳ ನಡುವೆ ಐದು ನಿಮಿಷ ನೋಡಿದರೆ ಸಾಕು, ತಲೆ ತಣ್ಣಗಾಗುತ್ತೆ.

ತಂದ ಮೇಲೆ ಓದಿದೆ. ಮೊದಲೇ ಓದಬೇಕಿತ್ತು. 1865ರಲ್ಲಿ ಫ್ರಾನ್ಸಿಸ್ ಡೇ ಇದನ್ನು ವಿಜ್ಞಾನಕ್ಕೆ ಪರಿಚಯಿಸಿ, ಮದ್ರಾಸಿನ ಗವರ್ನರ್ ಡೆನಿಸನ್ ಹೆಸರಿಟ್ಟ. ಹೊಳೆ ಮೀನಿಗೆ ಗವರ್ನರ್ ಹೆಸರು, ನಮ್ಮ ರಸ್ತೆಗಳ ಹಾಗೆ. ಕೇರಳದ ಮತ್ತು ಕರ್ನಾಟಕದ ದಕ್ಷಿಣ ಅಂಚಿನ ಕೆಲವು ಘಟ್ಟದ ಹೊಳೆಗಳನ್ನು ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲೂ ಇದರ ಸ್ವಂತ ಮನೆ ಇಲ್ಲ. 1990ರ ದಶಕದ ಕೊನೆಯಲ್ಲಿ ಸಿಂಗಪುರದ ಅಲಂಕಾರಿಕ ಮೀನುಗಳ ಪ್ರದರ್ಶನದಲ್ಲಿ ಬಹುಮಾನ ಬಂತು, ಜಗತ್ತಿನ ಕಣ್ಣು ಬಿತ್ತು. ಈಗ ಐಯುಸಿಎನ್ ಕೆಂಪುಪಟ್ಟಿಯಲ್ಲಿ ಅಳಿವಿನಂಚಿನ ಮೀನು.

2008ರಲ್ಲಿ ಕೇರಳ ಸರ್ಕಾರ ಇದನ್ನು ಹಿಡಿಯಲು ಮಿತಿ ಹಾಕಿತು. ಜೂನ್, ಜುಲೈ, ಅಕ್ಟೋಬರ್‌ನಲ್ಲಿ ಹಿಡಿಯುವಂತಿರಲಿಲ್ಲ. ಆಮೇಲೆ ನಡೆದ ಅಧ್ಯಯನಗಳಿಂದ ಗೊತ್ತಾಗಿದ್ದು, ಅದು ಮೊಟ್ಟೆಯಿಡುವುದು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಅಂತ. ಅಂದರೆ ನಿಯಮ ಚಾಚೂ ತಪ್ಪದೆ ಪಾಲಿಸಿದವನೂ ನವೆಂಬರ್‌ನಲ್ಲಿ ಮೊಟ್ಟೆ ತುಂಬಿದ ಮೀನನ್ನು ಹಿಡಿಯಬಹುದಿತ್ತು. ನಿಯಮ ಮಾಡಿದವರ ಉದ್ದೇಶದಲ್ಲಿ ಕೊರತೆ ಇರಲಿಲ್ಲ. ನನ್ನ ಉದ್ದೇಶದಲ್ಲೂ ಇರಲಿಲ್ಲ. ಇದನ್ನ ನೆನೆದಾಗಲೆಲ್ಲ ಹೊಟ್ಟೆಯಲ್ಲಿ ಏನೋ ಕಸಿವಿಸಿ.

ಇದನ್ನು ಫಾರ್ಮ್‌ಗಳಲ್ಲೂ ಮರಿ ಮಾಡಿಸ್ತಾರೆ. ಹಾಗಾದರೆ ಫಾರ್ಮ್ ಮೀನು ಕೊಂಡರೆ ಕೈ ಶುದ್ಧ, ಅಲ್ವಾ? ಅಂಗಡಿಯವನನ್ನೇ ಕೇಳಿದೆ: "ಇದು ಫಾರ್ಮ್ ಮೀನಾ, ಹೊಳೆ ಮೀನಾ?"

"ಎರಡೂ ಒಂದೇ ಸಾರ್. ಚೆನ್ನಾಗಿ ತಿಂತವೆ."

ಅವನು ಸುಳ್ಳು ಹೇಳಲಿಲ್ಲ. ಗಾಜಿನಾಚೆ ನಿಂತು ನೋಡಿದರೆ ಎರಡೂ ಒಂದೇ.

ಈಗಿನ ಸಮಸ್ಯೆ ಬೇರೆ. ಇವು ಗುಂಪಿನಲ್ಲಿ ಬದುಕುವ ಮೀನು, ಆರಕ್ಕಿಂತ ಕಡಿಮೆ ಇದ್ದರೆ ಬೆದರುತ್ತವೆ. ಮೂರು ಸತ್ತ ಮೇಲೆ ಉಳಿದವು ಕಲ್ಲಿನ ಹಿಂದೆಯೇ ಇರ್ತವೆ. ಇನ್ನೂ ಮೂರು ತಂದರೆ ಇವಕ್ಕೆ ನೆಮ್ಮದಿ, ಆದರೆ ಯಾವುದೋ ಹೊಳೆಯಲ್ಲಿ ಬಲೆ ಬೀಳಬಹುದು. ತರದಿದ್ದರೆ ಹೊಳೆಗೆ ನಾನು ಮಾಡಿದ ಉಪಕಾರದ ಬೆಲೆಯನ್ನು ಈ ಮೂರು ಕೊಡ್ತವೆ. ಕೆಂಪುಪಟ್ಟಿಯಲ್ಲಿರೋದು ಒಂದು ಪ್ರಭೇದದ ಹೆಸರು, ಅದಕ್ಕೆ ಭಯ ಆಗಲ್ಲ. ಭಯ ಆಗೋದು ಕಲ್ಲಿನ ಹಿಂದೆ ಇರೋ ಇವಕ್ಕೆ. ಹಾಗಂತ ಇವುಗಳ ನೆಪದಲ್ಲಿ ಇನ್ನೂ ಮೂರನ್ನ ಹಿಡಿಸಿದರೆ? ಅವಕ್ಕೂ ಭಯ ಇದ್ದೇ ಇದೆ.

"ಹೋಗಿ ಹೊಳೆಗೆ ಬಿಟ್ಟು ಬಾ ಮಾರಾಯ" ಅಂದ ಪುತ್ತೂರಿನ ಗೆಳೆಯ. ಅದೂ ಆಗಲ್ಲ. ಟ್ಯಾಂಕಿನ ರೋಗ ಹೊಳೆಗೆ ಹೋಗಬಹುದು, ಯಾವ ಹೊಳೆಯ ವಂಶ ಅಂತ ತಿಳಿಯದ ಮೀನು ಇನ್ನೊಂದು ಹೊಳೆಯ ವಂಶದ ಜೊತೆ ಬೆರೆಯಬಹುದು. ತಂದದ್ದನ್ನು ವಾಪಸ್ ಕೊಡೋಕೆ ಆಗಲ್ಲ ಅನ್ನೋದು ತರುವಾಗ ಹೊಳೆದಿರಲಿಲ್ಲ.

ಕೊನೆಗೆ ಅಂಗಡಿಯವನಿಗೆ ಹೇಳಿದ್ದೀನಿ, ಯಾವ ಫಾರ್ಮಿನದು ಅಂತ ಬಿಲ್ಲಿನಲ್ಲಿ ಬರೆದುಕೊಟ್ಟರೆ ಮಾತ್ರ ಮೂರು ತಗೋತೀನಿ ಅಂತ. "ಕೇಳಿ ಹೇಳ್ತೀನಿ ಸಾರ್" ಅಂದ. ಐದು ವಾರ ಆಯ್ತು. ಪಂಪಿನ ವೇಗ ಸ್ವಲ್ಪ ಜಾಸ್ತಿ ಮಾಡಿದ್ದೀನಿ. ರಾತ್ರಿ ಲೈಟ್ ಆರಿಸಿದ ಮೇಲೆ ಮೂರೂ ಹೊರಗೆ ಬರ್ತವೆ.