ನೂರಕ್ಕೆ ಐದು

ರೋಣ, ನರಗುಂದ, ಗಜೇಂದ್ರಗಡಗಳ ಎರೆಹೊಲಗಳಿಗೆ ಹಿಂಗಾರಿ ಕಡಲೆಯ ಹೊಸ ಬೀಜವೊಂದು ಬಂತೆನ್ನಿ. ಪರೀಕ್ಷೆಯ ತಾಕುಗಳಲ್ಲಿ ಅದು ಹಳೆಯದಕ್ಕಿಂತ ಹೆಚ್ಚು ಫಲ ಕೊಟ್ಟಿದೆ. ಇದು ಬೀಜದ ಗುಣವೋ, ಮಣ್ಣಿನ ಆಕಸ್ಮಿಕವೋ?

ಬೀಜಗಳಲ್ಲಿ ಭೇದವೇ ಇಲ್ಲವೆಂದು ಸಂಖ್ಯಾಶಾಸ್ತ್ರ ಮೊದಲು ಭಾವಿಸುತ್ತದೆ. ಹಾಗಿದ್ದೂ ಇಷ್ಟು ಅಥವಾ ಇದಕ್ಕೂ ಮಿಗಿಲಾದ ಅಂತರ ಆಕಸ್ಮಿಕವಾಗಿ ನೂರರಲ್ಲಿ ಐದು ಸಲಕ್ಕಿಂತ ಕಡಿಮೆ ಒದಗುವಂತಿದ್ದರೆ, ಆ ಭಾವನೆಯನ್ನು ಕೈಬಿಡುತ್ತದೆ. ಈ ಐದೇ ಸಾರ್ಥಕತೆಯ ಮಟ್ಟ. ಕನ್ನಡ ಪಾಠ ಹೇಳುವ ನನಗೆ ಈ ಹೆಸರು ತುಸು ಉದಾರವೆನಿಸುತ್ತದೆ. ಹೊಸ ಬೀಜದ ಮೇಲ್ಮೆ ನೂರಕ್ಕೆ 95 ಪಾಲು ನಿಶ್ಚಿತವೆಂದು ಅದರ ಅರ್ಥವಲ್ಲ. ಹೆಚ್ಚಿದ ಇಳುವರಿ ದೊಡ್ಡದೆಂದೂ ಅಲ್ಲ.

1925ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿಕೇಂದ್ರದಲ್ಲಿದ್ದ ಆರ್. ಎ. ಫಿಶರರು ಈ ಮಟ್ಟವನ್ನು ಅನುಕೂಲಕ್ಕೆಂದು ಸೂಚಿಸಿದರು. ಇದು ಪ್ರಕೃತಿ ಎಳೆದ ಗೆರೆಯಲ್ಲ. ಗೆರೆ ಸಡಿಲಿಸಿದರೆ ಹುಸಿ ಹೊಗಳಿಕೆ ಗೆದ್ದೀತು. ರೈತನು ಸಾಲ ತಂದು ಕೊಂಡ ಬೀಜದ ಹಣ ವ್ಯರ್ಥವಾದೀತು. ಬಿಗಿದರೆ ಒಳ್ಳೆಯ ಬೀಜವೇ ಹೊರಗುಳಿದೀತು. ಆ ನಷ್ಟವೂ ಅವನದೇ. ಗೆರೆ ಎಳೆಯುವವರು ಇದರಲ್ಲಿ ಏನನ್ನೂ ಕಳೆದುಕೊಳ್ಳುವುದಿಲ್ಲ!

ಆದುದರಿಂದ ಎಷ್ಟು ತಪ್ಪನ್ನು ಸಹಿಸಬೇಕೆಂಬುದು ಬರಿಯ ಗಣಿತದ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ. ಫಲ ಕಾಣುವ ಮೊದಲೇ ಗೆರೆ ಎಳೆಯುವುದು ಪ್ರಾಮಾಣಿಕತೆ. ಎಳೆಯುವಾಗ, ತಪ್ಪಿದರೆ ಬೆಲೆ ತೆರುವವರು ಯಾರೆಂದು ಕೇಳಿಕೊಳ್ಳುವುದು ವಿವೇಕ.